ಪಾಚಿ ಅಂತ ಹೆಸರಿಟ್ಟರು, ಒಳಗೆ ಬೂಷ್ಟೂ ಇತ್ತು

ಉಪ್ಪಿನಕಾಯಿಗೆ ಬೂಷ್ಟು ಹಿಡಿಯಬಾರದು ಅಂತ ಉಪ್ಪು ಜಾಸ್ತಿ ಹಾಕುತ್ತೇವೆ, ಅಲ್ವಾ? ಆದರೆ ಅದೇ ಬೂಷ್ಟಿನ ಬಳಗದ ಶಿಲೀಂಧ್ರಗಳು ಅಂಟಾರ್ಕ್ಟಿಕಾದ ಉಪ್ಪುನೀರಿನಲ್ಲೂ ಬದುಕುತ್ತವೆ. ಅಲ್ಲಿನ ಕಡಲು ಮೈನಸ್ 1.8 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಆ ಚಳಿಯಲ್ಲಿ ಅವುಗಳ ಮನೆ ಕಡಲಪಾಚಿ.

1840ರಲ್ಲಿ ಅಂಟಾರ್ಕ್ಟಿಕಾ ಯಾನಕ್ಕೆ ಹೊರಟಿದ್ದ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅವರ ಹಡಗುಗಳು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಕೆರ್ಗೆಲೆನ್ ದ್ವೀಪದಲ್ಲಿ ತಂಗಿದ್ದವು. ಸಹಾಯಕ ವೈದ್ಯರಾಗಿ ಹೋಗಿದ್ದ ಜೋಸೆಫ್ ಹೂಕರ್ ಅವರಿಗೆ ಗಿಡಗಳೆಂದರೆ ಪ್ರಾಣ. ಅಲ್ಲಿ ಸಿಕ್ಕ ಎಲೆಯಂಥ ಒಂದು ಜೀವಿಗೆ ಅವರೂ ಐರ್ಲೆಂಡಿನ ಪಾಚಿ ತಜ್ಞ ವಿಲಿಯಂ ಹಾರ್ವಿಯೂ 1845ರಲ್ಲಿ ಕಡಲಪಾಚಿಯ ಹೆಸರನ್ನೇ ಇಟ್ಟರು. ಇವತ್ತು ಅದು ಮಾಸ್ಟೋಡಿಯಾ ಟೆಸೆಲೇಟಾ. ಅಲೆಯ ಹನಿ ಬಡಿಯುವ ಬಂಡೆಗಳ ಮೇಲೆ ಬೆಳೆಯುವ ಅದರಲ್ಲಿ ಇಬ್ಬರಿದ್ದಾರೆ: ಪ್ರಾಸಿಯೋಲಾ ಅನ್ನುವ ಹಸಿರು ಪಾಚಿ, ಮತ್ತು ಆ ಪಾಚಿಯ ಕೋಶಗಳ ಗುಂಪುಗಳ ಸುತ್ತ ಎಳೆ ಎಳೆಯಾಗಿ ಹಬ್ಬಿದ ಶಿಲೀಂಧ್ರ. ಇದು ರೋಗವೋ, ಜೊತೆ ಬಾಳೋ ಅಂತ ಬಹಳ ಕಾಲ ಚರ್ಚೆ ನಡೆಯಿತು. 2010ರಲ್ಲಿ ಸ್ಪೇನಿನ ವಿಜ್ಞಾನಿಗಳು ಡಿಎನ್‌ಎ ನೋಡಿ, ಈ ಶಿಲೀಂಧ್ರ ಕಲ್ಲುಹೂವುಗಳ ಒಂದು ಕುಟುಂಬಕ್ಕೇ ಸೇರಿದ್ದು ಅಂತ ತೋರಿಸಿದರು. ಹೌದು, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವೂ ಶಿಲೀಂಧ್ರ ಮತ್ತು ಪಾಚಿ ಸೇರಿ ಆದದ್ದೇ.

ಉತ್ತರದಲ್ಲಿ ಕಥೆ ಇನ್ನೂ ಚೆನ್ನಾಗಿದೆ. ನಾರ್ವೆ, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ದಂಡೆಗಳ ಕಂದು ಪಾಚಿ ಆಸ್ಕೊಫಿಲಂ ಒಳಗೆ ಒಂದು ಶಿಲೀಂಧ್ರ ಯಾವಾಗಲೂ ಇರುತ್ತದೆ. ಕಲ್ಲುಹೂವಿನಲ್ಲಿ ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಒಳಗಿರುತ್ತದೆ; ಇಲ್ಲಿ ಪೂರ್ತಿ ಉಲ್ಟಾ. ಈ ಉಲ್ಟಾ ಸಂಬಂಧಕ್ಕೆ 1972ರಲ್ಲಿ ಕೋಲ್‌ಮೇಯರ್ ದಂಪತಿ 'ಮೈಕೋಫೈಕೋಬಯೋಸಿಸ್' ಅಂತ ಹೆಸರು ಕೊಟ್ಟರು. 1990ರ ದಶಕದಲ್ಲಿ ಕೆನಡಾದಲ್ಲಿ ಪ್ರಯೋಗ ನಡೆಯಿತು. ಶಿಲೀಂಧ್ರ ಸೇರಿದ್ದ ಪಾಚಿಯ ಮರಿಗಳು ನೀರಿಳಿದಾಗ ಒಣಗುವುದನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡವು. ನನಗಂತೂ ಈ ಇಡೀ ಕಥೆಯಲ್ಲಿ ಇದೇ ದೊಡ್ಡ ವಿಷಯ, ಯಾಕೆಂದರೆ ಒಳಗೆ ಯಾರಿದ್ದಾರೆ ಅನ್ನುವುದರ ಜೊತೆಗೆ ಅವರು ಏನು ಕೆಲಸ ಮಾಡುತ್ತಾರೆ ಅಂತಲೂ ಇಲ್ಲಿ ಯಾರೋ ಕೂತು ನೋಡಿದರು.

ಅಂಟಾರ್ಕ್ಟಿಕಾದಲ್ಲಿ ಎಣಿಕೆಯೇ ಮುಂದೆ ಓಡಿದೆ. 2010ರಲ್ಲಿ ಬ್ರೆಜಿಲ್ ತಂಡ ಕಿಂಗ್ ಜಾರ್ಜ್ ದ್ವೀಪದ ಮೂರು ಬಗೆಯ ಕಡಲಪಾಚಿಗಳಿಂದ 75 ಶಿಲೀಂಧ್ರಗಳನ್ನು ಬೇರ್ಪಡಿಸಿ ಬೆಳೆಸಿತು. ಅದರಲ್ಲಿ 48 ಯೀಸ್ಟ್‌ಗಳು. ಮೂರು ವರ್ಷದ ನಂತರ ಅಲ್ಲಿನ ಪಾಚಿಗಳಿಂದ ಸಿಕ್ಕ ಪೆನಿಸಿಲಿಯಂ ಅನ್ನುವ ಬೂಷ್ಟುಗಳ ಸಾರದಲ್ಲಿ ಔಷಧಿಯ ಗುಣವೂ ಕಂಡಿತು. ಔಷಧಿಯ ಆಸೆ ಸಹಜ, ಸೋಂಕಿಗೆ ಕೊಡುವ ಸೆಫಲೋಸ್ಪೋರಿನ್ ಮಾತ್ರೆಗಳ ಮೂಲವೂ 1945ರಲ್ಲಿ ಸಾರ್ಡಿನಿಯಾದ ಕಡಲತೀರದಲ್ಲಿ, ಚರಂಡಿ ಸೇರುವ ಕಡೆ ಸಿಕ್ಕ ಶಿಲೀಂಧ್ರವೇ. ಆದರೆ ಲ್ಯಾಬಿನ ತಟ್ಟೆಯಲ್ಲಿ ಬೆಳೆದದ್ದೆಲ್ಲ ಪಾಚಿಯ ಸಂಗಾತಿ ಅಲ್ಲ. ಗಾಳಿಯಲ್ಲೋ ನೀರಲ್ಲೋ ಬಂದು ಸುಮ್ನೆ ಅಂಟಿಕೊಂಡ ಬೀಜಕಣವೂ ತಟ್ಟೆಯಲ್ಲಿ ಸೊಂಪಾಗಿ ಬೆಳೆದುಬಿಡುತ್ತದೆ, ಪಾಚಿಯನ್ನೇ ನಂಬಿಕೊಂಡದ್ದು ಬೆಳೆಯದೆ ಲೆಕ್ಕ ತಪ್ಪಬಹುದು. ಕೆನಡಾದಲ್ಲಿ ಮಾಡಿದಂಥ ತಾಳ್ಮೆಯ ಪ್ರಯೋಗ ಇಲ್ಲೂ ಬೇಕು, ಬೇಗ ಬೇಕು. ಯಾಕೆಂದರೆ ಕಿಂಗ್ ಜಾರ್ಜ್ ದ್ವೀಪದ ಪಾಟರ್ ಕೋವ್ ಅನ್ನುವ ಸಣ್ಣ ಕೊಲ್ಲಿಯಲ್ಲಿ ಹಿಮನದಿ ಹಿಂದೆ ಸರಿದು ಹೊಸ ಬಂಡೆಗಳು ಹೊರಬಿದ್ದಿವೆ, ಅವುಗಳ ಮೇಲೆ ಕಡಲಪಾಚಿ ಈಗಾಗಲೇ ಬೇರೂರುತ್ತಿದೆ.