ಒಂದೇ ಕಂಪ್ಯೂಟರ್, ಮೂರು ಉತ್ತರ: ಹಾರ್ಡ್‌ವೇರ್ ಮಾಹಿತಿ ಓದುವ ದಾರಿಗಳು ಕವಲೊಡೆದದ್ದು ಹೇಗೆ?

ಮದರ್‌ಬೋರ್ಡ್ ಯಾವುದು, ರ್‍ಯಾಮ್ ಎಷ್ಟು, ಸೀರಿಯಲ್ ನಂಬರ್ ಏನು? ಇಷ್ಟನ್ನು ಪ್ರೋಗ್ರಾಂನಿಂದ ಓದಲು ಇಂದಿಗೂ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಬೇರೆ ಬೇರೆ ಕೋಡ್ ಬರೆಯಬೇಕು. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ ಪ್ರೋಗ್ರಾಂಗಳು ನೇರವಾಗಿ ಪೋರ್ಟ್‌ಗಳನ್ನೇ ಓದುತ್ತಿದ್ದವು. 1992ರಲ್ಲಿ ಹುಟ್ಟಿದ, ಕಂಪ್ಯೂಟರ್ ನಿರ್ವಹಣೆಯ ಮಾನದಂಡ ರೂಪಿಸುವ ಡಿಎಂಟಿಎಫ್ ಒಕ್ಕೂಟದ ಕೆಲಸದಿಂದ ಬಂದದ್ದು ಎಸ್‌ಎಂಬಯಾಸ್: ಯಂತ್ರ ಶುರುವಾಗುವಾಗ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶ ಮೆಮೊರಿಯಲ್ಲಿ ಬಿಟ್ಟುಹೋಗುವ ಒಂದು ಕೋಷ್ಟಕ. ಇವತ್ತಿನ ಗೋಜಲೆಲ್ಲ ಬಹುಮಟ್ಟಿಗೆ ಈ ಕೋಷ್ಟಕದ ಸುತ್ತಲೇ ಇದೆ.

ಕೋಷ್ಟಕದಲ್ಲಿ ಟೈಪ್ 1 ಇಡೀ ಯಂತ್ರದ್ದು, ಟೈಪ್ 2 ಮದರ್‌ಬೋರ್ಡಿನದು, ಟೈಪ್ 17 ಒಂದೊಂದು ರ್‍ಯಾಮ್ ಸ್ಲಾಟಿನದು. ಟೈಪ್ 17ರಲ್ಲಿ ಗಾತ್ರಕ್ಕೆ ಮೀಸಲಿಟ್ಟದ್ದು 16 ಬಿಟ್ ಮಾತ್ರ. 32 ಜಿಬಿ ಸ್ಟಿಕ್ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ 2.7ನೇ ಆವೃತ್ತಿಯಲ್ಲಿ ಇನ್ನೊಂದು ದೊಡ್ಡ ಜಾಗ ಸೇರಿಸಿ, ಹಳೆಯ ಜಾಗದಲ್ಲಿ 0x7ಎಫ್‌ಎಫ್‌ಎಫ್ (ಅಂದರೆ 32767) ಕಂಡರೆ ಅಲ್ಲಿ ನೋಡಿ ಎಂದರು. ಇದನ್ನು ಗಮನಿಸದ ಕೋಡ್ ರ್‍ಯಾಮ್ 32767 ಎಂಬಿ ಎಂದು ತೋರಿಸುತ್ತದೆ. ಯುಯುಐಡಿ, ಅಂದರೆ ಯಂತ್ರದ ಅನನ್ಯ ಗುರುತುಸಂಖ್ಯೆಯ ಕಥೆಯೂ ಹೀಗೆಯೇ. ಬೈಟ್‌ಗಳ ಕ್ರಮವನ್ನು 2.6ರಲ್ಲಷ್ಟೇ ಸ್ಪಷ್ಟಪಡಿಸಿದ್ದರಿಂದ ಅದಕ್ಕೂ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಹೇಳುವ ಯುಯುಐಡಿಯ ಮೊದಲ ಮೂರು ತುಂಡುಗಳು ತಿರುಗುಮುರುಗಾಗಿರುತ್ತವೆ. ಜೋಡಿಸಿದ ಪಿಸಿಗಳಲ್ಲಂತೂ ಸೀರಿಯಲ್ ನಂಬರಿನ ಜಾಗದಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ' (ತಯಾರಕರು ತುಂಬಬೇಕು) ಎಂಬ ಸಾಲು ಹಾಗೇ ಉಳಿದಿರುವುದು ಸಾಮಾನ್ಯ. ತುಂಬಬೇಕಾದವರು ತುಂಬಲಿಲ್ಲ, ಅಷ್ಟೆ.

ವಿಂಡೋಸ್ 2000ದಿಂದ ಯಂತ್ರದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಯಾದ ಡಬ್ಲ್ಯುಎಂಐ, ಎಕ್ಸ್‌ಪಿಯಿಂದ ಅದರ ಕಮಾಂಡ್ ರೂಪವಾದ ಡಬ್ಲ್ಯುಎಂಐಸಿ ಬಂದವು. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತಿದ್ದರಿಂದ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಅದೇ ತುಂಬಿತು. ಆದರೆ ಅದರ ಔಟ್‌ಪುಟ್ ಕಡತಕ್ಕೆ ತಿರುಗಿಸಿದರೆ ಬರುವುದು ಯುಟಿಎಫ್-16 ಎಂಬ ಅಕ್ಷರ ಸಂಕೇತದಲ್ಲಿ, ಅದನ್ನು ನಿರೀಕ್ಷಿಸದ ಸ್ಕ್ರಿಪ್ಟ್ ಎಡವುತ್ತದೆ. ಡಬ್ಲ್ಯುಎಂಐನಲ್ಲಿ ಗ್ರಾಫಿಕ್ಸ್ ಮೆಮೊರಿಯ ಸಂಖ್ಯೆ 32 ಬಿಟ್‌ನದು, 4 ಜಿಬಿ ದಾಟಿದ ಕಾರ್ಡ್‌ಗೆ ತಪ್ಪು ಉತ್ತರ. 2021ರಲ್ಲಿ ಡಬ್ಲ್ಯುಎಂಐಸಿಯನ್ನು ಬಳಕೆಯಿಂದ ಕೈಬಿಡುವುದಾಗಿ ಘೋಷಿಸಲಾಯಿತು. ಡಬ್ಲ್ಯುಎಂಐ ಉಳಿದಿದೆ, ಹೋಗುತ್ತಿರುವುದು ಕಮಾಂಡ್ ಮಾತ್ರ. ಈಗ ಪವರ್‌ಶೆಲ್‌ನ ಗೆಟ್-ಸಿಮ್‌ಇನ್‌ಸ್ಟನ್ಸ್ ಬಳಸಬೇಕು, ಇಲ್ಲವೇ ಗೆಟ್‌ಸಿಸ್ಟಮ್‌ಫರ್ಮ್‌ವೇರ್‌ಟೇಬಲ್ ಎಂಬ ವಿಂಡೋಸ್ ಫಂಕ್ಷನ್ ಕರೆದು ಕೋಷ್ಟಕವನ್ನೇ ಓದಬೇಕು. ಎರಡನೆಯದರಲ್ಲಿ ಮೊದಲ 8 ಬೈಟ್ ವಿಂಡೋಸ್ ಸೇರಿಸಿದ ತಲೆಬರಹ. ಅದನ್ನು ಬಿಟ್ಟು ಮುಂದಿನದನ್ನು ಓದಿ.

ಲಿನಕ್ಸ್‌ನಲ್ಲಿ ಈ ಕೋಷ್ಟಕ ಓದುವ ಡಿಎಂಐಡಿಕೋಡ್ ಎಂಬ ಪ್ರೋಗ್ರಾಂ ಮೊದಲು ಅದಕ್ಕಾಗಿ ಮೆಮೊರಿಯನ್ನೇ ಹುಡುಕುತ್ತಿತ್ತು. 2015ರ 4.2 ಕರ್ನಲ್ (ಲಿನಕ್ಸ್‌ನ ತಿರುಳು) ಕೋಷ್ಟಕವನ್ನು ಕಡತವಾಗಿಯೇ ಕೊಟ್ಟಿತು. ತಯಾರಕರ ಹೆಸರು, ಮಾದರಿ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ಯಾರಿಗಾದರೂ ಸಿಗುತ್ತವೆ. ಸೀರಿಯಲ್ ನಂಬರ್, ಯುಯುಐಡಿ ಮಾತ್ರ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಿಗೆ. ಹಾಗಾಗಿ ಕೋಡ್‌ನಲ್ಲಿ 'ಮಾಹಿತಿ ಇಲ್ಲ' ಮತ್ತು 'ಅನುಮತಿ ಇಲ್ಲ' ಎರಡನ್ನೂ ಬೇರೆ ಬೇರೆ ಉತ್ತರವಾಗಿ ಇಡಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎಸ್‌ಎಂಬಯಾಸ್ ಇರುವುದಿಲ್ಲ, ಹಾರ್ಡ್‌ವೇರ್ ವಿವರಣೆಯ ಪಟ್ಟಿಯಾದ ಡಿವೈಸ್ ಟ್ರೀ ಓದಬೇಕು. ಅಲ್ಲಿನ ಮಾದರಿಯ ಹೆಸರಿನ ಕೊನೆಗೊಂದು ಶೂನ್ಯ ಬೈಟ್ ಇರುತ್ತದೆ. ತೆಗೆಯದಿದ್ದರೆ ಹೋಲಿಕೆ ಕೈಕೊಡುತ್ತದೆ.

ಮ್ಯಾಕ್‌ನಲ್ಲಿ ಇದೆಲ್ಲ ಆಪಲ್‌ನ ಐಓಕಿಟ್ ಎಂಬ ಹಾರ್ಡ್‌ವೇರ್ ಲೈಬ್ರರಿಯ ಕೆಲಸ. ಸಿಸ್ಟಮ್‌ಪ್ರೊಫೈಲರ್ ಕಮಾಂಡ್ ಮ್ಯಾಕ್‌ಓಎಸ್‌ನ ಕ್ಯಾಟಲಿನಾ ಆವೃತ್ತಿಯಿಂದ ಜೇಸನ್ ಎಂಬ, ಪ್ರೋಗ್ರಾಂ ಸುಲಭವಾಗಿ ಓದುವ ರೂಪದಲ್ಲಿ ಉತ್ತರ ಕೊಡುತ್ತದೆ, ಅದನ್ನೇ ಬಳಸುವುದು ಒಳ್ಳೆಯದು. 2020ರಲ್ಲಿ ಆಪಲ್‌ನದೇ ಎಂ1 ಪ್ರೊಸೆಸರ್ ಬಂದಾಗ 'ಪ್ರೊಸೆಸರ್ ನೇಮ್' ಎಂಬ ಸಾಲಿನ ಬದಲು 'ಚಿಪ್' ಬಂದು, ಪಠ್ಯ ಹುಡುಕುತ್ತಿದ್ದ ಸ್ಕ್ರಿಪ್ಟ್‌ಗಳು ಬರಿಗೈಯಲ್ಲಿ ನಿಂತವು.

ಗುರುತಿನ ಮಾಹಿತಿಗೆ ಇಷ್ಟು ಬಾಗಿಲು ಹಾಕಿದ್ದೇಕೆ? 1999ರ ಪೆಂಟಿಯಂ 3ರಲ್ಲಿ ಪ್ರೊಸೆಸರ್‌ಗೇ 96 ಬಿಟ್ ಸೀರಿಯಲ್ ನಂಬರ್ ಇತ್ತು. ಖಾಸಗಿತನದ ಆಕ್ಷೇಪಗಳೆದ್ದು ಮುಂದಿನ ಪ್ರೊಸೆಸರ್‌ಗಳಲ್ಲಿ ಅದು ಹೋಯಿತು. 2013ರ ಐಓಎಸ್ 7ರಿಂದ ಆ್ಯಪ್‌ಗಳಿಗೆ ನಿಜವಾದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಸಾಧನದ ಗುರುತುಸಂಖ್ಯೆ) ಸಿಗುವುದಿಲ್ಲ. 2019ರ ಆಂಡ್ರಾಯ್ಡ್ 10 ಸಾಮಾನ್ಯ ಆ್ಯಪ್‌ಗಳಿಗೆ ಸೀರಿಯಲ್ ನಂಬರ್ ಮುಚ್ಚಿತು. ಸಂಸ್ಥೆಗಳು ತಮ್ಮ ಯಂತ್ರಗಳ ಲೆಕ್ಕ ಇಡುವ ಆಸ್ತಿಪಟ್ಟಿಗೆಂದು ಮಾಡಿದ ಮಾಹಿತಿಯನ್ನು ಲೈಸೆನ್ಸ್ ಬೀಗಕ್ಕೂ ಬಳಕೆದಾರರ ಜಾಡು ಹಿಡಿಯಲಿಕ್ಕೂ ಬಳಸಿದಷ್ಟೂ ಅದು ಪ್ರಾಮಾಣಿಕ ಕೆಲಸಕ್ಕೂ ದುರ್ಲಭವಾಗುತ್ತ ಬಂದಿದೆ. ಮದರ್‌ಬೋರ್ಡ್ ಬದಲಿಸಿದ ಗ್ರಾಹಕರ ಲೈಸೆನ್ಸ್ ಕಡಿದುಹೋಗುವುದು ನ್ಯಾಯವೂ ಅಲ್ಲ. ಗುರುತು ಬೇಕಿದ್ದರೆ ಇನ್‌ಸ್ಟಾಲ್ ಮಾಡುವಾಗ ನಿಮ್ಮದೇ ಯಾದೃಚ್ಛಿಕ ಐಡಿ ಸೃಷ್ಟಿಸಿ ಉಳಿಸಿಕೊಳ್ಳಿ. ವರ್ಚುವಲ್ ಮೆಷಿನ್ ನಕಲು ಮಾಡಿದಾಗ ಆ ಐಡಿಯೂ ನಕಲಾಗುತ್ತದೆ. ಟೆಂಪ್ಲೇಟ್ ಮಾಡುವ ಮೊದಲು ಅದನ್ನು ಅಳಿಸಿಹಾಕಿ.