ಹಾಡಹಗಲೇ ಓಡಾಡುವ ರಕ್ತಪಿಶಾಚಿ

ಸಿನಿಮಾಗಳಿಗೆ ಬಣ್ಣ ಹೊಂದಿಸುವುದು ನನ್ನ ಕೆಲಸ. ಹಗಲಲ್ಲಿ ತೆಗೆದ ಶಾಟ್‌ಗಳನ್ನು ಡಿಐ ಕೋಣೆಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಕೋಣೆಯಲ್ಲಿ ಕೂತು ರಾತ್ರಿ ಮಾಡುವುದೂ ಅದರಲ್ಲಿ ಸೇರಿದೆ. ಈ ಕೆಲಸಕ್ಕೆ ಬರುವ ಮುಂಚೆ 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ವನ್ನು ಒಂದು ಅಗ್ಗದ ಡಿವಿಡಿಯಲ್ಲಿ ನೋಡಿದ್ದೆ. ಬಿಸಿಲು ತಾಗಿದರೆ ಸಾಯುವ ಪಿಶಾಚಿಯ ಕಥೆ ಅದು. ಆದರೆ ಆ ಪಿಶಾಚಿ, ಕೌಂಟ್ ಓರ್ಲಾಕ್, ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಡಹಗಲೇ ಊರೊಳಗೆ ನಡೆದು ಬರುತ್ತಾನೆ! ಹಳೇ ಚಿತ್ರ, ಅಷ್ಟೆಲ್ಲ ಯೋಚನೆ ಮಾಡಿರಲಿಕ್ಕಿಲ್ಲ ಅಂತ ಸುಮ್ನೆ ಬಿಟ್ಟೆ.

ಎಷ್ಟೋ ವರ್ಷದ ಮೇಲೆ ದುರಸ್ತಿಯಾದ ಪ್ರತಿ ನೋಡಿದೆ. ಅದೇ ದೃಶ್ಯ, ಅದೇ ನಡಿಗೆ, ಆದರೆ ಪರದೆ ತುಂಬ ನೀಲಿ. ಅದು ರಾತ್ರಿ! ನಿರ್ದೇಶಕ ಮುರ್ನೌ ಮೇಲೆ ಇಷ್ಟು ದಿನ ತಪ್ಪು ಹೊರಿಸಿದ್ದೆನಲ್ಲ ಅಂತ ನಿಜಕ್ಕೂ ಬೇಜಾರಾಯಿತು.

1922ರಲ್ಲಿ ಕ್ಯಾಮೆರಾಗೆ ಹಾಕುತ್ತಿದ್ದ ಫಿಲಂಗೆ ಬೆಳಕು ಹಿಡಿಯುವ ಶಕ್ತಿ ತುಂಬಾ ಕಡಿಮೆ. ರಾತ್ರಿ ಹೊರಗೆ ಚಿತ್ರೀಕರಣ ಮಾಡುವುದು ಬಹಳ ಕಷ್ಟ. ಹಾಗಾಗಿ ಹಗಲಲ್ಲೇ ತೆಗೆದು, ಥಿಯೇಟರಿಗೆ ಹೋಗುವ ಪ್ರಿಂಟಿನ ತುಂಡುಗಳನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ರಾತ್ರಿಗೆ ನೀಲಿ, ದೀಪದ ಬೆಳಕಿನ ಕೋಣೆಗೆ ಹಳದಿ, ಮುಂಜಾವಿಗೆ ನಸುಗೆಂಪು. ಆಮೇಲೆ ತುಂಡುಗಳನ್ನು ಅಂಟಿಸಿ ರೀಲು ಮಾಡುವುದು. ಗಮನಿಸಿ, ಬಣ್ಣ ಇರುವುದು ಪ್ರಿಂಟಿನಲ್ಲಿ ಮಾತ್ರ, ನೆಗೆಟಿವ್‌ನಲ್ಲಿ ಇಲ್ಲ. ಮುಂದೆ ಕಪ್ಪು-ಬಿಳುಪು ಫಿಲಂ ಮೇಲೆ ನಕಲು ತೆಗೆದಾಗ ಆ ರಾತ್ರಿಗಳೆಲ್ಲ ಅಳಿಸಿಹೋದವು.

ಈ ಚಿತ್ರಕ್ಕೆ ನಕಲುಗಳ ಕಾಟ ಬೇರೆಯವಕ್ಕಿಂತ ಜಾಸ್ತಿ. ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿಕೊಂಡಿದ್ದಾರೆ ಎಂದು ಲೇಖಕ ಬ್ರಾಮ್ ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ಜರ್ಮನಿಯ ಕೋರ್ಟು ಹೇಳಿತು. ಅಷ್ಟರಲ್ಲಿ ಕೆಲವು ಪ್ರಿಂಟುಗಳು ಹೊರದೇಶ ಸೇರಿದ್ದವು, ಚಿತ್ರ ಬದುಕಿದ್ದು ಅದರಿಂದಲೇ. ಮುಂದೆ ಅಮೆರಿಕದಲ್ಲಿ ಕಾಪಿರೈಟ್ ತಡೆ ಇಲ್ಲದ್ದರಿಂದ ಯಾರು ಬೇಕಾದರೂ ಕ್ಯಾಸೆಟ್, ಡಿವಿಡಿ ಮಾಡಿ ಮಾರಿದರು. ಕೆಲವದರಲ್ಲಿ ಓರ್ಲಾಕ್‌ನ ಹೆಸರೇ ಡ್ರಾಕುಲಾ ಆಗಿದೆ.

ಇನ್ನೊಂದು ಹಾನಿ ವೇಗದ್ದು. ದುರಸ್ತಿಯಾದ ಪ್ರತಿ ಸೆಕೆಂಡಿಗೆ 18 ಫ್ರೇಮ್‌ನಂತೆ ಸುಮಾರು 94 ನಿಮಿಷ ಓಡುತ್ತದೆ. ಅದನ್ನೇ ಮಾತಿನ ಚಿತ್ರಗಳ ವೇಗವಾದ 24 ಫ್ರೇಮ್‌ನಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿದುಹೋಗುತ್ತದೆ. ಓರ್ಲಾಕ್ ಬಾಗಿಲಿನಿಂದ ನಿಧಾನಕ್ಕೆ ಒಳಗೆ ಬರುವುದೇ ಭಯ, ಅಲ್ವಾ? ಅವನು ಸರಸರ ಬಂದರೆ ನಗು ಬರುತ್ತದೆ. ಅದೂ ಅಲ್ಲದೆ, ಅವನು ಗಾಡಿಗೆ ಪೆಟ್ಟಿಗೆಗಳನ್ನು ಪೇರಿಸುವ ದೃಶ್ಯವನ್ನು ಮುರ್ನೌ ಬೇಕೆಂದೇ ವೇಗವಾಗಿ ಓಡಿಸಿದ್ದಾರೆ. ಉಳಿದದ್ದು ಸಹಜವಾಗಿದ್ದರೆ ಮಾತ್ರ ಆ ವೇಗ ಅಮಾನುಷ ಅನ್ನಿಸುವುದು.

ಮುರ್ನೌ ಪ್ರತಿಷ್ಠಾನಕ್ಕಾಗಿ 2006ರಲ್ಲಿ ಮುಗಿದ ದುರಸ್ತಿಗೆ ಮುಖ್ಯ ಆಧಾರ ಫ್ರಾನ್ಸಿನಲ್ಲಿ ಉಳಿದಿದ್ದ 1922ರ ಬಣ್ಣದ ಪ್ರಿಂಟ್. ಮನೆಯಲ್ಲಿ ನೋಡುವುದಾದರೆ ಅದನ್ನೇ ಹುಡುಕಿ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ದಯವಿಟ್ಟು ಆಫ್ ಮಾಡಿ.

ಪ್ರತಿ ಸರಿಯಿದೆಯಾ ಎಂದು ತಿಳಿಯಲು ನಾನು ನೇರ ಕೊನೆಗೆ ಹೋಗುತ್ತೇನೆ. ನಾಯಕಿ ಎಲೆನ್, ಕೋಳಿ ಕೂಗುವವರೆಗೂ ಓರ್ಲಾಕ್‌ನನ್ನು ತನ್ನ ಬಳಿ ತಡೆದಿಟ್ಟಿದ್ದಾಳೆ. ಅವನು ತಲೆ ಎತ್ತುತ್ತಾನೆ, ಏಳುತ್ತಾನೆ, ಕಿಟಕಿ ದಾಟಬೇಕು. ಕಪ್ಪು-ಬಿಳುಪು ಪ್ರತಿಯಲ್ಲಿ ಇಡೀ ಚಿತ್ರವೇ ಹಗಲಾಗಿರುವುದರಿಂದ ಅವನು ಈಗಲೇ ಯಾಕೆ ಸಾಯಬೇಕು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬಣ್ಣದ ಪ್ರತಿಯಲ್ಲಿ ಅಷ್ಟು ಹೊತ್ತು ಕವಿದಿದ್ದ ನೀಲಿ ಹೋಗಿ ಬೆಳಗಾಗಿರುತ್ತದೆ. ಅವನು ಕಿಟಕಿಯ ಮುಂದೆ ಕರಗುತ್ತಾನೆ, ನೆಲದ ಮೇಲೆ ಒಂದಿಷ್ಟು ಹೊಗೆ ಉಳಿಯುತ್ತದೆ.