ನೀರು ಸುರಂಗದಲ್ಲೇ, ವಾಲ್ವು ನಿಮ್ಮ ಕೈಯಲ್ಲೇ

ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಬೆಳಗಿನ ಬಸ್ಸು ಹತ್ತಿ ನೋಡಿ. ಮಡಿಲಲ್ಲಿ ಪ್ಲಾಸ್ಟಿಕ್ ತೊಟ್ಟೆ ಹಿಡಿದು ಕೂತವರು ಇದ್ದೇ ಇರುತ್ತಾರೆ. ಒಳಗೆ ಸ್ಕ್ಯಾನಿನ ಫಿಲ್ಮು, ರಕ್ತ ಪರೀಕ್ಷೆಯ ರಿಪೋರ್ಟು, ಮಳೆಗೆ ನೆನೆದ ಮದ್ದಿನ ಚೀಟಿ. ಒಂದು ರಾಜ್ಯದ ಡಾಕ್ಟರು ಬರೆದದ್ದನ್ನು ಇನ್ನೊಂದು ರಾಜ್ಯದ ಡಾಕ್ಟರಿಗೆ ಮುಟ್ಟಿಸುವುದು ಆ ತೊಟ್ಟೆಯೇ.

ಇಂಥ ದಾಖಲೆಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕಂಪ್ಯೂಟರಿನಲ್ಲೇ ಮುಟ್ಟಿಸುವ ಸರಕಾರಿ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 2021ರ ಸೆಪ್ಟೆಂಬರಿನಲ್ಲಿ ದೇಶವಿಡೀ ಶುರುವಾಯಿತು. ಅದರಲ್ಲಿ ಪ್ರತಿ ರೋಗಿಯನ್ನು ಗುರುತಿಸುವ 14 ಅಂಕೆಗಳ ‘ಆಭಾ’ ನಂಬರ್ ಮಾಡಿಸಿ ಎಂದರೆ ಸಾಕು, "ನಮ್ಮ ಕಾಯಿಲೆಯೆಲ್ಲ ದಿಲ್ಲಿಯ ಕಂಪ್ಯೂಟರಿಗೆ ಹೋಗ್ತದೆ ಅಲ್ವಾ?" ಅಂತ ಕೇಳುತ್ತಾರೆ. ಹೋಗುವುದಿಲ್ಲ. ರಿಪೋರ್ಟು ಎಲ್ಲಿ ತಯಾರಾಯಿತೋ ಆ ಆಸ್ಪತ್ರೆಯಲ್ಲೇ ಇರುತ್ತದೆ.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳನ್ನೇ ನೆನಪಿಸಿಕೊಳ್ಳಿ. ನೀರು ಅವರವರ ಸುರಂಗದಲ್ಲೇ ಹುಟ್ಟುತ್ತದೆ. ಬೇಕಾದಾಗ ಪೈಪಿನಲ್ಲಿ ಬರುತ್ತದೆ. ಊರಿನ ನೀರನ್ನೆಲ್ಲ ಒಂದೇ ಟ್ಯಾಂಕಿಗೆ ತುಂಬಿಸುವುದಿಲ್ಲ. ಆಭಾ ಕೂಡ ಹಾಗೆಯೇ, ವಾಲ್ವು ರೋಗಿಯ ಕೈಯಲ್ಲಿದೆ. ಮಂಗಳೂರಿನ ಡಾಕ್ಟರು ಕೇಳಿದಾಗ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ: ಯಾವ ದಾಖಲೆ, ಯಾತಕ್ಕೆ, ಎಷ್ಟು ದಿನಕ್ಕೆ. ನೀವು ಹೂಂ ಅಂದರೆ ಒಂದು ಪ್ರತಿ ಹೊರಡುತ್ತದೆ. ಅದೂ ಅಂಟಿಸಿದ ಲಕೋಟೆಯ ಹಾಗೆ. ಒಡೆಯುವ ಕೀಲಿ, ದಾಖಲೆ ಕೇಳಿದ ಆಸ್ಪತ್ರೆಯ ಹತ್ತಿರ ಮಾತ್ರ ಇರುತ್ತದೆ.

ಹಾಗಾದರೆ ನಂಬರ್ ಯಾಕೆ, ಹೆಸರು ಸಾಲದಾ? ಸಾಲದು, ಅದರಲ್ಲೂ ನಮ್ಮಲ್ಲಿ. ಕನ್ನಡದ ಶಂಕರ ಮಲಯಾಳದಲ್ಲಿ ಶಂಕರನ್ ಆಗುತ್ತಾನೆ. ಇಂಗ್ಲಿಷಿನಲ್ಲಿ ಒಮ್ಮೆ ‘ಎಸ್‌ಎಚ್’, ಒಮ್ಮೆ ಬರೀ ‘ಎಸ್’. ಕಾಸರಗೋಡು ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಥರ ಬರೆಯುತ್ತಾರಲ್ಲ! ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು.

ಚದುರಿದ ದಾಖಲೆ ಎಷ್ಟು ಅಪಾಯ ಅನ್ನುವುದಕ್ಕೆ ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಕಡೆ ನೋಡಬೇಕು. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಕ್ಯಾನ್ಸರ್, ಇಷ್ಟೊಂದು ಹುಟ್ಟು ಊನ ಯಾಕೆ ಎಂದು ಕೇಳಿದವರು ಅಲ್ಲಿನ ಪಡ್ರೆ ಊರಿನ ವೈದ್ಯ ಡಾ. ಮೋಹನ್ ಕುಮಾರ್. ಊರಿನ ಮನೆಗಳು ಗೊತ್ತಿದ್ದವರಿಗೆ ಅದು ಕಂಡಿತು. ಅದೇ ರೋಗಿಗಳು ಹತ್ತು ಆಸ್ಪತ್ರೆಗಳಿಗೆ ಹಂಚಿಹೋದರೆ ಪ್ರತಿ ಆಸ್ಪತ್ರೆಗೂ ಅದು ಬಿಡಿ ಕೇಸು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ನಿಷೇಧಿಸಿದ್ದು 2011ರಲ್ಲಿ.

ಗಡಿಯ ಎರಡೂ ಕಡೆಯ ಆಸ್ಪತ್ರೆಗಳು ಸೇರಿಕೊಂಡರೆ ಮಾತ್ರ ಈ ಪೈಪಿನಲ್ಲಿ ನೀರು ಬರುತ್ತದೆ. ಸೇರದ ಸಣ್ಣ ಕ್ಲಿನಿಕ್ಕುಗಳು ಇನ್ನೂ ಇವೆ. ಆದ್ದರಿಂದ ಚೀಟಿ ಮಾಡಿಸುವಾಗ ಆಭಾ ನಂಬರನ್ನೂ ಬರೆಸಿ. ತೊಟ್ಟೆಯನ್ನು ಸದ್ಯಕ್ಕೆ ಬಿಸಾಡಬೇಡಿ.